ಬ್ರಿಲ್‌ಕ್ರೀಮ್ ಕೆಂಪು ಡಬ್ಬಿ: ಕ್ರೀಮಿನ ಮಾತು ಸ್ವಲ್ಪ, ಕಾಂಪ್ಟನ್ ಮಾತೇ ಜಾಸ್ತಿ

ತಲೆಗೆ ಹಚ್ಚುವ ಕ್ರೀಮಿನ ರಿವ್ಯೂ ಇದು. ಆದರೆ ಈ ಡಬ್ಬಿ ತರಿಸಿದ್ದು ಕೂದಲಿನ ಚಿಂತೆಗಲ್ಲ, ಡೆನಿಸ್ ಕಾಂಪ್ಟನ್ ಮೇಲಿನ ಹುಚ್ಚಿಗೆ. ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಇಂಗ್ಲೆಂಡಿನ ಗೋಡೆಗಳ ಮೇಲೆ, ಪತ್ರಿಕೆಗಳ ಪುಟದಲ್ಲಿ, ಎಲ್ಲಿ ನೋಡಿದರೂ ಬ್ರಿಲ್‌ಕ್ರೀಮ್ ಜಾಹೀರಾತಿನಲ್ಲಿ ನುಣ್ಣಗೆ ತಲೆ ಬಾಚಿಕೊಂಡು ನಗುತ್ತಿದ್ದ ಮುಖ ಅವನದು. ಬೇಸಿಗೆಯಲ್ಲಿ ಮಿಡ್ಲ್‌ಸೆಕ್ಸ್ ಕೌಂಟಿಗೆ (ಅಂದರೆ ಅಲ್ಲಿನ ಜಿಲ್ಲಾ ತಂಡಕ್ಕೆ) ಮತ್ತು ಇಂಗ್ಲೆಂಡಿಗೆ ಕ್ರಿಕೆಟ್, ಚಳಿಗಾಲದಲ್ಲಿ ಲಂಡನ್ನಿನ ಆರ್ಸೆನಲ್ ಕ್ಲಬ್ಬಿಗೆ ಫುಟ್‌ಬಾಲ್. ಎರಡೂ ಸಂಬಳಕ್ಕೆ ಆಡಿದ ಆಟ, ಹವ್ಯಾಸಕ್ಕಲ್ಲ. ಬ್ರಿಲ್‌ಕ್ರೀಮ್ ಅಂದರೆ ಕಾಂಪ್ಟನ್, ಕಾಂಪ್ಟನ್ ಅಂದರೆ ಬ್ರಿಲ್‌ಕ್ರೀಮ್ ಅನ್ನುವ ಮಟ್ಟಿಗೆ ಎರಡೂ ಅಂಟಿಕೊಂಡಿದ್ದವು.

ಮೊದಲು ಡಬ್ಬಿಯ ವಿಚಾರ ಮುಗಿಸಿಬಿಡೋಣ. 1928ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಮಾಲು ಇದು. ಒಳಗಿರುವುದು ಮುಖ್ಯವಾಗಿ ನೀರು, ಮಿನರಲ್ ಆಯಿಲ್, ಎರಡನ್ನೂ ಬೇರೆಯಾಗದಂತೆ ಹಿಡಿದಿಡಲು ಜೇನುಮೇಣ. ಬೆರಳಲ್ಲಿ ತೆಗೆದರೆ ಬೆಳ್ಳಗೆ, ಅಂಗೈಯಲ್ಲಿ ಉಜ್ಜಿದರೆ ಮಾಯ, ಕೂದಲಿಗೆ ಹಚ್ಚಿದರೆ ಹೊಳಪು. ಕೂದಲನ್ನು ಇದು ಕಡ್ಡಿಯ ಹಾಗೆ ಸೆಟೆದು ನಿಲ್ಲಿಸುವುದಿಲ್ಲ. ಆ ಕೆಲಸಕ್ಕೆ ಜೆಲ್ ಇದೆ. ಬ್ರಿಲ್‌ಕ್ರೀಮ್ ಹಚ್ಚಿದ ಕ್ರಾಪು ಮಲಗುತ್ತದೆ, ಬೈತಲೆ ಸರಿಯಾಗಿ ನಿಲ್ಲುತ್ತದೆ, ಮಧ್ಯಾಹ್ನ ಇನ್ನೊಮ್ಮೆ ಬಾಚಣಿಗೆ ಆಡಿಸಿದರೂ ಮಾತು ಕೇಳುತ್ತದೆ. ಒಳಗೆ ಎಣ್ಣೆ ಇರುವುದರಿಂದ ಬರೀ ನೀರಿಗೆ ಹೋಗುವುದಿಲ್ಲ, ಶಾಂಪೂ ಬೇಕೇ ಬೇಕು. ಜಾಸ್ತಿ ಹಚ್ಚಿದರೆ ದಿಂಬಿನ ಕವರಿಗೂ ಪಾಲು. ಇದನ್ನು ದೋಷ ಅನ್ನಲಾರೆ, ಎಣ್ಣೆ ಇರುವ ವಸ್ತುವಿನ ಸ್ವಭಾವವೇ ಅದು. ಒದ್ದೆ ಕೂದಲಿಗೆ ಸ್ವಲ್ಪವೇ ಸ್ವಲ್ಪ ಹಚ್ಚಿ, ಬೇರಿನ ತನಕ ಬೇಡ.

ಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯ ಹುಡುಗರನ್ನು ಉಳಿದ ಸೈನಿಕರು ‘ಬ್ರಿಲ್‌ಕ್ರೀಮ್ ಬಾಯ್ಸ್’ ಅಂತ ಆಡಿಕೊಳ್ಳುತ್ತಿದ್ದರಂತೆ. ನೀವು ತಲೆ ಬಾಚಿಕೊಂಡು ಆಕಾಶದಲ್ಲಿರಿ, ಕೆಸರಿನಲ್ಲಿ ಹೊರಳುವುದು ನಾವು ಅನ್ನುವ ಧಾಟಿ. ಆಮೇಲೆ ಅದೇ ಬಿರುದು ಕಾಂಪ್ಟನ್‌ಗೆ ಬಂತು, ಈ ಸಲ ಪ್ರೀತಿಯಿಂದ. ಆಸ್ಟ್ರೇಲಿಯಾದ ಕೀತ್ ಮಿಲ್ಲರ್ ಕೂಡ ಇದರ ಜಾಹೀರಾತಿನಲ್ಲಿದ್ದ. ಮುಂದೆ ನಮ್ಮ ಫರೂಖ್ ಇಂಜಿನಿಯರ್ ಕೂಡ ಬಂದ. ಆದರೆ ಡಬ್ಬಿಯ ಹೆಸರು ಎತ್ತಿದ ಕೂಡಲೇ ಹಳೇ ಇಂಗ್ಲಿಷ್ ಕ್ರಿಕೆಟ್ ಪ್ರೇಮಿಗಳ ಬಾಯಲ್ಲಿ ಬರುವ ಹೆಸರು ಒಂದೇ.

ಮಜಾ ಇರುವುದೇ ಇಲ್ಲಿ. ನೀಟಾಗಿ ಕಾಣಬೇಕು ಅನ್ನುವವರಿಗೆ ಮಾರುವ ಕ್ರೀಮಿಗೆ ಕಂಪನಿಯವರು ಹಿಡಿದದ್ದು ಇಡೀ ಇಂಗ್ಲೆಂಡಿನಲ್ಲೇ ಅತ್ಯಂತ ಅಸ್ತವ್ಯಸ್ತ ಮನುಷ್ಯನನ್ನು. ಕಾಂಪ್ಟನ್ ಟೈಮಿಗೆ ಬರುತ್ತಿರಲಿಲ್ಲ. ಕಿಟ್ ಮರೆಯುತ್ತಿದ್ದ. 1955ರಲ್ಲಿ ದಕ್ಷಿಣ ಆಫ್ರಿಕಾ ಎದುರಿನ ಓಲ್ಡ್ ಟ್ರ್ಯಾಫರ್ಡ್ ಟೆಸ್ಟಿಗೆ ಕಿಟ್ ಬ್ಯಾಗ್ ಇಲ್ಲದೆ ಬಂದವನು ಅಲ್ಲಿನ ಮ್ಯೂಸಿಯಮ್ಮಿನಿಂದ ಹಳೇ ಬ್ಯಾಟೊಂದನ್ನು ಎತ್ತಿಕೊಂಡು ಆಡಿದ ಅಂತ ಒಂದು ಕಥೆ ಓಡಾಡುತ್ತದೆ. ಕಥೆಗೆ ಉಪ್ಪುಖಾರ ಎಷ್ಟು ಸೇರಿದೆಯೋ, ಸ್ಕೋರ್ ಮಾತ್ರ ದಾಖಲೆಯಲ್ಲೇ ಇದೆ: 158 ಮತ್ತು 71. ಇನ್ನು ಅವನ ಜೊತೆ ವಿಕೆಟ್ ಮಧ್ಯೆ ಓಡುವುದು ಅಂದರೆ ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಬೇಕು. ಅವನು ರನ್ನಿಗೆ ಕೂಗಿದರೆ ಅದು ಕರೆಯಲ್ಲ, ಬರೀ ಮಾತುಕತೆಯ ಆರಂಭ ಅಂತ ಜೊತೆಗಾರರು ತಮಾಷೆ ಮಾಡುತ್ತಿದ್ದರು. ಅಣ್ಣ ಲೆಸ್ಲಿ ಕೂಡ ಮಿಡ್ಲ್‌ಸೆಕ್ಸ್ ಆಟಗಾರನೇ, ವಿಕೆಟ್ ಕೀಪರ್. ಲೆಸ್ಲಿಯ ಸಹಾಯಾರ್ಥ ನಡೆದ ಬೆನಿಫಿಟ್ ಮ್ಯಾಚಿನಲ್ಲಿ, ಅವನು ಒಂದು ಬಾಲ್ ಎದುರಿಸುವ ಮೊದಲೇ ತಮ್ಮ ರನ್ ಔಟ್ ಮಾಡಿಸಿದ ಕಥೆಯನ್ನಂತೂ ಇಂಗ್ಲೆಂಡಿನಲ್ಲಿ ಇವತ್ತಿಗೂ ಹೇಳಿ ನಗುತ್ತಾರೆ. ಸ್ವಂತ ಅಣ್ಣನ ಮ್ಯಾಚು ಮಾರಾಯ್ರೇ!

ಸುಮ್ನೆ ನಗೆಪಾಟಲಿನ ಮನುಷ್ಯ ಅಂದುಕೊಳ್ಳಬೇಡಿ. ಹುಟ್ಟಿದ್ದು 1918ರಲ್ಲಿ, ಲಂಡನ್ನಿನ ಹೆಂಡನ್‌ನಲ್ಲಿ. ಬಲಗೈ ಬ್ಯಾಟ್ಸ್‌ಮನ್, ಎಡಗೈ ಸ್ಪಿನ್ ಬೌಲರ್, ಫುಟ್‌ಬಾಲಿನಲ್ಲಿ ಲೆಫ್ಟ್ ವಿಂಗ್. 1936ರಲ್ಲಿ ಮಿಡ್ಲ್‌ಸೆಕ್ಸ್ ಪರ ಮೊದಲ ಸೀಸನ್, ಅದೇ ವರ್ಷ ಆರ್ಸೆನಲ್ ಪರ ಮೊದಲ ಲೀಗ್ ಮ್ಯಾಚ್, ಅದರಲ್ಲೊಂದು ಗೋಲ್ ಕೂಡ. 19ನೇ ವಯಸ್ಸಿಗೆ ಇಂಗ್ಲೆಂಡ್ ಪರ ಟೆಸ್ಟ್. ಮರುವರ್ಷ ಟ್ರೆಂಟ್ ಬ್ರಿಜ್‌ನಲ್ಲಿ ಬ್ರಾಡ್ಮನ್ನನ ಆಸ್ಟ್ರೇಲಿಯಾ ಎದುರು ಸೆಂಚುರಿ. ಆಮೇಲೆ ಯುದ್ಧ ಬಂತು. ಬೇರೆಯವರು ಆಟದ ಉತ್ತುಂಗದಲ್ಲಿರುವ ವಯಸ್ಸಿನ ಆರು ವರ್ಷ ಅದರಲ್ಲೇ ಹೋಯಿತು. ಹೀಗಿದ್ದೂ ಕೊನೆಗೆ ಲೆಕ್ಕ ಹಾಕಿದರೆ 78 ಟೆಸ್ಟ್, 5,807 ರನ್, 17 ಸೆಂಚುರಿ, ಸರಾಸರಿ 50ಕ್ಕಿಂತ ಚೂರು ಮೇಲೆ. ಫಸ್ಟ್ ಕ್ಲಾಸ್ ಸೆಂಚುರಿಗಳು 123. ಪಾರ್ಟ್ ಟೈಮ್ ಅನ್ನಿಸಿಕೊಂಡ ಬೌಲಿಂಗಿನಲ್ಲಿ 600ಕ್ಕೂ ಜಾಸ್ತಿ ವಿಕೆಟ್.

ಯುದ್ಧದ ವರ್ಷಗಳಲ್ಲಿ ಕಾಂಪ್ಟನ್ ನಮ್ಮ ದೇಶದಲ್ಲೂ ಇದ್ದ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಇಂದೋರಿನ ಪಕ್ಕದ ಮಾವ್ ದಂಡುಪ್ರದೇಶದಲ್ಲಿ, ಹೌದು, ಅಂಬೇಡ್ಕರ್ ಹುಟ್ಟಿದ ಅದೇ ಊರಿನಲ್ಲಿ, ಸೈನಿಕರಿಗೆ ದೈಹಿಕ ತರಬೇತಿ ಕೊಡುವ ಕೆಲಸ. ಇಂಥ ಆಟಗಾರ ಪಕ್ಕದಲ್ಲೇ ಇದ್ದರೆ ಇಂದೋರಿನ ಹೋಳ್ಕರ್ ತಂಡ ಬಿಟ್ಟೀತೇ? ಸಿ.ಕೆ. ನಾಯ್ಡು ನಾಯಕ, ಜೊತೆಗೆ ಮುಷ್ತಾಕ್ ಅಲಿ. 1944-45ರ ರಣಜಿ ಫೈನಲ್ ಬಾಂಬೆ ಎದುರು, ಬ್ರೆಬೋರ್ನ್ ಸ್ಟೇಡಿಯಮ್ಮಿನಲ್ಲಿ. ಎರಡನೇ ಇನಿಂಗ್ಸಿನಲ್ಲಿ ಬಾಂಬೆ ಹೊಡೆದದ್ದು 764. ವಿಜಯ್ ಮರ್ಚೆಂಟ್ ಒಬ್ಬನದೇ 278. ಹೋಳ್ಕರ್ ಗೆಲ್ಲಲು 867 ಬೇಕು. ಆಗದ ಮಾತು. ಆದರೂ ಕಾಂಪ್ಟನ್ 249 ಹೊಡೆದು ಔಟಾಗದೆ ಉಳಿದ, ತಂಡ 492ಕ್ಕೆ ಮುಗಿಯಿತು. ನೂರು ದಾಟಿದ ಮೇಲಿನ ಪ್ರತಿ ರನ್ನಿಗೂ ಇಷ್ಟು ಅಂತ ದುಡ್ಡು ಕೊಡುವುದಾಗಿ ಸಾಹುಕಾರನೊಬ್ಬ ಮಾತು ಕೊಟ್ಟಿದ್ದನಂತೆ. ಮ್ಯಾಚ್ ಮುಗಿದು ವಿಚಾರಿಸಿದರೆ ಆ ಪುಣ್ಯಾತ್ಮ ಅರ್ಜೆಂಟ್ ಕೆಲಸದ ಮೇಲೆ ಕಲ್ಕತ್ತಾಗೆ ಹೋಗಿಬಿಟ್ಟಿದ್ದನಂತೆ! ಈ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ, ಎಲ್ಲರಿಗೂ ಇಂಥ ಒಬ್ಬ ಸಾಹುಕಾರ ಗೊತ್ತು.

1947 ಅವನ ವರ್ಷ. ಇಂಗ್ಲೆಂಡ್ ಯುದ್ಧ ಗೆದ್ದಿತ್ತು, ಆದರೆ ಹೊಟ್ಟೆಗಿರಲಿಲ್ಲ. ಯುದ್ಧ ನಡೆಯುವಾಗಲೂ ಇಲ್ಲದಿದ್ದ ಬ್ರೆಡ್ ರೇಷನ್ 1946ರಲ್ಲಿ ಶುರುವಾಗಿತ್ತು. ಆ ಚಳಿಗಾಲದ ಹಿಮಕ್ಕೆ ಕಲ್ಲಿದ್ದಲು ಸಾಗಿಸಲಾಗದೆ ಮನೆಗಳು ಕತ್ತಲಲ್ಲಿ ಕೂತಿದ್ದವು. ಅದೆಲ್ಲ ಕಳೆದು ಬಿಸಿಲು ಬಂದಾಗ ಈ ಮನುಷ್ಯ ಲಾರ್ಡ್ಸ್‌ನಲ್ಲಿ ಬಾಲನ್ನು ಸ್ವೀಪ್ ಮಾಡಿ ಕಾಲಿನ ಹಿಂದಕ್ಕೆ ತಳ್ಳುತ್ತಾ, ಕ್ರೀಸ್ ಬಿಟ್ಟು ಮುಂದೆ ನುಗ್ಗಿ ಎಡವಿದರೂ ಕೊನೇ ಗಳಿಗೆಯಲ್ಲಿ ಲೇಟ್ ಕಟ್ ಮಾಡಿ ತಪ್ಪಿಸಿಕೊಳ್ಳುತ್ತಾ ರನ್ ಮೇಲೆ ರನ್ ಪೇರಿಸಿದ. ಒಂದೇ ಸೀಸನ್ನಿನಲ್ಲಿ 3,816 ರನ್, 18 ಸೆಂಚುರಿ. ಎರಡೂ ದಾಖಲೆ ಇವತ್ತಿಗೂ ಹಾಗೇ ಇವೆ. ಈಗ ಕೌಂಟಿಯಲ್ಲಿ ಅಷ್ಟು ಮ್ಯಾಚುಗಳೇ ಇಲ್ಲ, ಹಾಗಾಗಿ ಇನ್ನು ಮುರಿಯುವ ಮಾತೂ ಇಲ್ಲ. ಜೊತೆಗಾರ ಬಿಲ್ ಎಡ್ರಿಚ್ ಅದೇ ಬೇಸಿಗೆ 3,539 ಹೊಡೆದ. ಮಿಡ್ಲ್‌ಸೆಕ್ಸ್ ಚಾಂಪಿಯನ್ ಆಯಿತು. ಲಾರ್ಡ್ಸ್‌ನ ನರ್ಸರಿ ಎಂಡ್‌ನಲ್ಲಿ ಇಬ್ಬರ ಹೆಸರಿನ ಸ್ಟ್ಯಾಂಡುಗಳು ಅಕ್ಕಪಕ್ಕದಲ್ಲೇ ಇವೆ.

ಅದಾದ ಚಳಿಗಾಲದಲ್ಲೇ, ಅಂದರೆ 1947-48ರಲ್ಲಿ, ಆರ್ಸೆನಲ್ ಇಂಗ್ಲೆಂಡಿನ ಲೀಗ್ ಗೆದ್ದಿತು. ಕಾಂಪ್ಟನ್ ಆ ತಂಡದಲ್ಲೂ ಇದ್ದ. ಹನ್ನೆರಡು ತಿಂಗಳೊಳಗೆ ಕೌಂಟಿ ಚಾಂಪಿಯನ್, ಲೀಗ್ ಚಾಂಪಿಯನ್. ಹೀಗೆ ಬರೆಯುವಾಗಲೇ ತಲೆ ಗಿರ್ ಅನ್ನುತ್ತದೆ ಅಲ್ವಾ?

ಸರಿ, ಇಷ್ಟೆಲ್ಲ ಆಡಿದವನಿಗೆ ಕ್ರೀಮ್ ಮಾರುವ ಗತಿ ಯಾಕೆ ಬಂತು? ರಿವ್ಯೂ ಬರೆಯಲು ಕೂತ ಮೇಲೆ ನನಗೆ ಬಹಳ ಕಾಡಿದ ಪ್ರಶ್ನೆ ಇದು. ಆಗ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಟಗಾರನ ಸಂಬಳಕ್ಕೆ ಮಿತಿ ಇತ್ತು. ಎಂಥ ದೊಡ್ಡ ಆಟಗಾರನಾದರೂ ಅಷ್ಟೇ. 1947ರಲ್ಲಿ ಆ ಮಿತಿ ವಾರಕ್ಕೆ 12 ಪೌಂಡ್, ಬೇಸಿಗೆಯಲ್ಲಿ ಅದಕ್ಕಿಂತ ಕಮ್ಮಿ. ವರ್ಷವಿಡೀ 12ರಂತೆಯೇ ಹಿಡಿದರೂ 624 ಪೌಂಡ್ ದಾಟುವುದಿಲ್ಲ. 1961ರ ತನಕ ಈ ಮಿತಿ ಇತ್ತು. ಸ್ಟೇಡಿಯಮ್ ತುಂಬ ಜನ ಟಿಕೆಟ್ ತೆಗೆದುಕೊಂಡು ಬರುತ್ತಿದ್ದದ್ದು ಆಟಗಾರನನ್ನು ನೋಡಲು, ದುಡ್ಡು ಮಾತ್ರ ಕ್ಲಬ್ಬಿಗೆ. ಕ್ರಿಕೆಟಿನಲ್ಲಿ ಕೌಂಟಿ ಕೊಡುತ್ತಿದ್ದದ್ದೂ ಸಾಧಾರಣ ಸಂಬಳ. ವರ್ಷಗಟ್ಟಲೆ ದುಡಿದ ಮೇಲೆ ಒಂದು ಬೆನಿಫಿಟ್ ಸೀಸನ್, ಅಂದರೆ ಆಟಗಾರನಿಗಾಗಿಯೇ ಹಣ ಕೂಡಿಸುವ ಸೀಸನ್, ಸಿಗುತ್ತಿತ್ತು. ಕಾಂಪ್ಟನ್‌ಗೆ ಅದು ಸಿಕ್ಕಿದ್ದು 1949ರಲ್ಲಿ, 12 ಸಾವಿರ ಪೌಂಡ್ ಮೇಲೆ ಬಂತು. ಆ ಕಾಲಕ್ಕೆ ಭರ್ಜರಿ ಮೊತ್ತವೇ, ಆದರೆ ಜೀವಮಾನದಲ್ಲಿ ಒಮ್ಮೆ ಬರುವ ದುಡ್ಡು.

ಇಲ್ಲೇ ಸೂಟ್‌ಕೇಸ್ ಕಥೆ ಬರುವುದು. ಬ್ಯಾಗೆನಲ್ ಹಾರ್ವೆ ಅನ್ನುವವನಿಗೆ ಕಾಂಪ್ಟನ್ ಒಂದು ಸೂಟ್‌ಕೇಸ್ ಕೊಟ್ಟ. ತೆರೆದರೆ ತುಂಬ ಕಾಗದಗಳು, ಎಷ್ಟೋ ಒಡೆಯದೇ ಇದ್ದವು. ಅಭಿಮಾನಿಗಳ ಪತ್ರ, ಆಮಂತ್ರಣ, ಕೆಲಸದ ಆಫರ್, ಎಲ್ಲ ಒಟ್ಟಿಗೆ. ಅದರಲ್ಲಿ ‘ನ್ಯೂಸ್ ಆಫ್ ದ ವರ್ಲ್ಡ್’ ಪತ್ರಿಕೆಯಿಂದ ಒಂದು: ನಮಗೆ ಅಂಕಣ ಬರೆಯಿರಿ, ವರ್ಷಕ್ಕೆ 2,000 ಪೌಂಡ್ ಕೊಡುತ್ತೇವೆ ಅಂತ. ಇನ್ನೂ ಹುಡುಕಿದರೆ ಅದೇ ಪತ್ರಿಕೆಯಿಂದ ಮತ್ತೊಂದು: ನಿಮ್ಮಿಂದ ಉತ್ತರ ಬಾರದ ಕಾರಣ ಆಫರ್ ವಾಪಸ್ ತೆಗೆದುಕೊಂಡಿದ್ದೇವೆ ಅಂತ. ಅಂಥ ಸಂಬಳ ಮಿತಿಯ ಕಾಲದಲ್ಲಿ, ಒಡೆಯದ ಒಂದು ಲಕೋಟೆಯೊಳಗೆ ಅಷ್ಟು ದುಡ್ಡು ಬಂದು, ಕಾದು ಕೂತು, ಹಾಗೇ ಎದ್ದು ಹೋಗಿತ್ತು. ಹಾರ್ವೆ ಆಮೇಲೆ ಅವನ ಏಜೆಂಟ್ ಆದ. ಈಗ ಪ್ರತಿ ಆಟಗಾರನ ಹಿಂದೆ ಒಬ್ಬ ಏಜೆಂಟ್ ಇರುತ್ತಾನಲ್ಲ, ಬ್ರಿಟನ್ನಿನಲ್ಲಿ ಆ ಕಸುಬು ಬೇರು ಬಿಟ್ಟಿದ್ದು ಈ ಸೂಟ್‌ಕೇಸಿನಿಂದಲೇ. ಬ್ರಿಲ್‌ಕ್ರೀಮ್ ವ್ಯವಹಾರ ನೋಡಿಕೊಂಡವನೂ ಅವನೇ, ವರ್ಷಕ್ಕೆ ಸಾವಿರ ಪೌಂಡ್ ಅಂತ ಹೇಳುತ್ತಾರೆ. ಅಂದರೆ ಬೂಟು ಕಟ್ಟಿ ವರ್ಷವಿಡೀ ಕೆಸರಿನಲ್ಲಿ ಓಡಿ ಆರ್ಸೆನಲ್‌ನಿಂದ ಸಿಗುತ್ತಿದ್ದದ್ದಕ್ಕಿಂತ ತಲೆ ಬಾಚಿ ಫೋಟೋಗೆ ನಿಂತರೆ ಸಿಗುತ್ತಿದ್ದದ್ದೇ ಜಾಸ್ತಿ. ಕ್ರೀಮ್ ಕಂಪನಿಯ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಇಲ್ಲಿ. ಆಟದವರು ಕೊಡದ ಬೆಲೆಯನ್ನು ಇವರಾದರೂ ಕೊಟ್ಟರು.

ಫುಟ್‌ಬಾಲಿನ ಲೆಕ್ಕ ಕ್ರಿಕೆಟಿನಷ್ಟು ದೊಡ್ಡದಲ್ಲ, ಅದನ್ನು ಮುಚ್ಚಿಡುವುದೂ ಬೇಡ. ಯುದ್ಧಕಾಲದ ಮ್ಯಾಚುಗಳನ್ನು ಬಿಟ್ಟರೆ ಆರ್ಸೆನಲ್ ಪರ 60 ಪಂದ್ಯ, 16 ಗೋಲ್. ಇಂಗ್ಲೆಂಡ್ ಪರ ಯುದ್ಧಕಾಲದಲ್ಲಿ 12 ಸಲ ಆಡಿದ, ಆದರೆ ಅವು ಅಧಿಕೃತ ಅಲ್ಲ, ಹಾಗಾಗಿ ದಾಖಲೆಯಲ್ಲಿ ಅವನು ಫುಟ್‌ಬಾಲ್ ಇಂಟರ್‌ನ್ಯಾಷನಲ್ ಅಲ್ಲವೇ ಅಲ್ಲ. ಆ ಭಾಗ್ಯ ಸಿಕ್ಕಿದ್ದು ಅಣ್ಣ ಲೆಸ್ಲಿಗೆ, ಅದೂ 1950ರಲ್ಲಿ, 38ನೇ ವಯಸ್ಸಿನಲ್ಲಿ! ಅಷ್ಟು ವಯಸ್ಸಾದ ಮೇಲೆ ಇಂಗ್ಲೆಂಡ್ ಪರ ಮೊದಲ ಸಲ ಆಡಿದವರು ಗೋಲ್‌ಕೀಪರ್‌ಗಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಅಣ್ಣತಮ್ಮಂದಿರ ಒಂದು ಗಳಿಗೆ ಮಾತ್ರ ಹೇಳಲೇಬೇಕು. 1950ರ ಎಫ್‌ಎ ಕಪ್, ಅಂದರೆ ಇಂಗ್ಲೆಂಡಿನ ನಾಕೌಟ್ ಫುಟ್‌ಬಾಲ್ ಕಪ್ಪಿನ ಸೆಮಿಫೈನಲ್, ಎದುರಾಳಿ ಚೆಲ್ಸಿ, ಆರ್ಸೆನಲ್ ಎರಡು ಗೋಲ್ ಹಿಂದೆ. ಫ್ರೆಡ್ಡಿ ಕಾಕ್ಸ್ ಕಾರ್ನರಿನಿಂದ ನೇರ ಗೋಲ್ ಹೊಡೆದು ಒಂದು ತೀರಿಸಿದ. ಕೊನೆಯ ಹೊತ್ತಿಗೆ ಮತ್ತೊಂದು ಕಾರ್ನರ್, ಎಡಗಡೆಯಿಂದ ಡೆನಿಸ್. ಲೆಸ್ಲಿ ಡಿಫೆಂಡರ್, ಹಿಂದೆ ನಿಲ್ಲಬೇಕಾದವನು. ಮುಂದೆ ಹೋಗಬೇಡ ಅಂತ ಕ್ಯಾಪ್ಟನ್ ಜೋ ಮರ್ಸರ್ ಕೈಬೀಸಿ ಕೂಗಿದರೂ ಕಿವಿಗೆ ಹಾಕಿಕೊಳ್ಳದೆ ನುಗ್ಗಿದ. ತಮ್ಮ ಎತ್ತಿ ಒದ್ದ ಬಾಲಿಗೆ ಅಣ್ಣ ತಲೆ ಕೊಟ್ಟ, 2-2. ಮರುಪಂದ್ಯದಲ್ಲಿ ಆರ್ಸೆನಲ್ ಗೆದ್ದು ವೆಂಬ್ಲಿಗೆ ಹೋಯಿತು, ಫೈನಲ್‌ನಲ್ಲಿ ಲಿವರ್‌ಪೂಲನ್ನು 2-0ಗೆ ಸೋಲಿಸಿತು. ಡೆನಿಸ್ ಕಾಂಪ್ಟನ್ ಫುಟ್‌ಬಾಲ್ ಬಿಟ್ಟದ್ದು ಆ ಕಪ್ ಹಿಡಿದುಕೊಂಡೇ.

ಬಿಡಲು ಮಂಡಿಯೂ ಕಾರಣ. 1938ರಲ್ಲಿ ಚಾರ್ಲ್ಟನ್ ತಂಡದ ಗೋಲ್‌ಕೀಪರಿಗೆ ಡಿಕ್ಕಿ ಹೊಡೆದಾಗ ಶುರುವಾದ ನೋವು ಅದು. ಆಪರೇಷನ್ ಮೇಲೆ ಆಪರೇಷನ್, ಕೊನೆಗೆ 1955ರಲ್ಲಿ ಮಂಡಿಚಿಪ್ಪನ್ನೇ ತೆಗೆದುಹಾಕಿದರು. ಆ ಮೂಳೆ ಲಾರ್ಡ್ಸ್‌ನ ಎಂಸಿಸಿ ಕ್ರಿಕೆಟ್ ಕ್ಲಬ್ಬಿನ ಸಂಗ್ರಹ ಸೇರಿತು, ಬೇರೆ ಯಾವ ಆಟಗಾರನಿಗೆ ಇಂಥ ಮರ್ಯಾದೆ ಸಿಕ್ಕಿದೆಯೋ ನಾ ಕಾಣೆ. ಚಿಪ್ಪಿಲ್ಲದ ಮಂಡಿಯಲ್ಲೇ 1956ರಲ್ಲಿ ಓವಲ್‌ನಲ್ಲಿ ಆಸ್ಟ್ರೇಲಿಯಾ ಎದುರು ಆಡಲು ಬಂದು 94 ಹೊಡೆದ. ಧೈರ್ಯದ ವಿಷಯದಲ್ಲಿ ಈ ಬಾಚಿದ ತಲೆಯವನನ್ನು ಹಗುರ ಮಾಡಬೇಡಿ. 1948ರಲ್ಲಿ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಆಸ್ಟ್ರೇಲಿಯಾದ ವೇಗಿ ರೇ ಲಿಂಡ್‌ವಾಲ್ ಹಾಕಿದ ನೋ ಬಾಲನ್ನು ಹುಕ್ ಮಾಡಲು ಹೋಗಿ, ಬ್ಯಾಟಿನ ಅಂಚಿಗೆ ತಾಗಿದ ಬಾಲ್ ಹುಬ್ಬಿಗೆ ಬಡಿದು ರಕ್ತ ಸುರಿಯಿತು. ಹೆಲ್ಮೆಟ್ ಅನ್ನುವುದೇ ಇಲ್ಲದ ಕಾಲ. ಹೊರಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಮತ್ತೆ ಬಂದು 145 ಹೊಡೆದು ಔಟಾಗದೆ ಉಳಿದ. 1953ರಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯಾದಿಂದ ಆ್ಯಶಸ್ ಸರಣಿ ವಾಪಸ್ ಗೆದ್ದಾಗ ಗೆಲುವಿನ ಬೌಂಡರಿ ಕೂಡ ಇವನ ಸ್ವೀಪಿನದೇ.

ಎಲ್ಲವೂ ಹೊಳಪಲ್ಲ. ವರ್ಣಭೇದದ ಕಾಲದಲ್ಲಿ ದಕ್ಷಿಣ ಆಫ್ರಿಕಾ ಜೊತೆ ಕ್ರಿಕೆಟ್ ಮುಂದುವರಿಯಬೇಕು ಅಂತ ವಾದಿಸಿದವರಲ್ಲಿ ಕಾಂಪ್ಟನ್ ಕೂಡ ಒಬ್ಬ. ಅಲ್ಲಿ ಅವನಿಗೆ ನಂಟು ಗಟ್ಟಿಯಾಗಿತ್ತು, ಬೆನೋನಿಯಲ್ಲಿ 1948ರಲ್ಲಿ 181 ನಿಮಿಷದಲ್ಲಿ 300 ಹೊಡೆದ ನೆಲ ಅದು. ಆದರೂ ನನಗೆ ಇದು ಒಪ್ಪಿಗೆಯಾಗುವ ಮಾತಲ್ಲ. ಪೋಸ್ಟರ್ ನೋಡಿ ಮನುಷ್ಯನನ್ನು ಪೂರ್ತಿ ಮೆಚ್ಚಲು ಆಗುವುದಿಲ್ಲ.

ಎರಡೂ ಆಟ ಆಡಿದವನು ಅವನೊಬ್ಬನೇ ಅಲ್ಲ. ಅದೇ ಆರ್ಸೆನಲ್‌ನ ಆರ್ಥರ್ ಮಿಲ್ಟನ್ ಇಂಗ್ಲೆಂಡಿಗೆ ಎರಡೂ ಆಟ ಅಧಿಕೃತವಾಗಿ ಆಡಿದ ಕೊನೆಯವನು. 1958ರಲ್ಲಿ ಮೊದಲ ಟೆಸ್ಟಿನಲ್ಲೇ ಸೆಂಚುರಿ ಹೊಡೆದವನು ಆಟ ಬಿಟ್ಟ ಮೇಲೆ ಅಂಚೆಯಣ್ಣನಾಗಿ ಸೈಕಲ್ ತುಳಿದ. ಕ್ರಿಸ್ ಬಾಲ್ಡರ್‌ಸ್ಟನ್ 1975ರ ಸೆಪ್ಟೆಂಬರ್ 15ರಂದು ಚೆಸ್ಟರ್‌ಫೀಲ್ಡಿನಲ್ಲಿ ಲೆಸ್ಟರ್‌ಶೈರ್ ಪರ 51 ಹೊಡೆದು ಔಟಾಗದೆ ಇದ್ದ. ಸಂಜೆ ಡಾಂಕಾಸ್ಟರ್ ರೋವರ್ಸ್ ಪರ ಲೀಗ್ ಫುಟ್‌ಬಾಲ್ ಆಡಿ, ಮರುದಿನ ಬಂದು ಸೆಂಚುರಿ ಪೂರ್ತಿ ಮಾಡಿದ. ಈಗ ಫುಟ್‌ಬಾಲ್ ಆಗಸ್ಟಿನಿಂದ ಮೇ ತನಕ, ಕ್ರಿಕೆಟ್ ಹನ್ನೆರಡು ತಿಂಗಳೂ. ಒಬ್ಬನೇ ಎರಡು ಕಡೆ ಸಹಿ ಹಾಕಲು ಯಾವ ಕ್ಲಬ್ಬೂ ಬಿಡುವುದಿಲ್ಲ. ಕಾಂಪ್ಟನ್ ಮೊಮ್ಮಗ ನಿಕ್ ಕೂಡ ಟೆಸ್ಟ್ ಆಡಿದ, 2012ರಲ್ಲಿ ನಮ್ಮ ಅಹಮದಾಬಾದಿನಲ್ಲೇ ಅವನ ಮೊದಲ ಟೆಸ್ಟ್. ಕ್ರಿಕೆಟ್ ಒಂದೇ.

ಈಗ ಕೊಳ್ಳುವವರಿಗೆ. ಕೂದಲು ಒಣಗಿ ಹಾರಾಡುವವರು, ಬೈತಲೆ ತೆಗೆದು ಹಿಂದಕ್ಕೆ ಬಾಚುವವರು, ಹಳೇ ಫೋಟೋಗಳ ಕ್ರಾಪು ಇಷ್ಟಪಡುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಮೊದಲೇ ಜಿಡ್ಡು ತಲೆಯವರಿಗೆ ಬೇಡ, ಕೂದಲು ಮೇಲೆ ನಿಲ್ಲಬೇಕು ಅನ್ನುವವರಿಗೂ ಬೇಡ. ದಟ್ಟ ಕೂದಲಿಗೆ ಹೊಳಪು ಚೆನ್ನಾಗಿ ಬರುತ್ತದೆ, ತೆಳು ಕೂದಲಾದರೆ ಅಂಟಿಕೊಂಡು ನೆತ್ತಿ ಇನ್ನೂ ಜಾಸ್ತಿ ಕಾಣುತ್ತದೆ. ವಾಸನೆ ಹಳೇ ಕಾಲದ್ದು, ನನಗೆ ಹಿಡಿಸಿತು, ಮನೆಯವರು ಮೂಗು ಮುರಿದರು. ಐದಕ್ಕೆ ನಾಲ್ಕು ಸ್ಟಾರ್. ದೊಡ್ಡ ಡಬ್ಬಿ ಬೇಡ, ಚಿಕ್ಕದು ತರಿಸಿ. ಹಚ್ಚುವುದೇ ಅಷ್ಟು ಸ್ವಲ್ಪ ಆದ್ದರಿಂದ ಬೇಗ ಖಾಲಿ ಆಗುವುದಿಲ್ಲ.